ಮದುವೆಯಾದ ಮೇಲೆ ನಿಂತುಹೋದ ಓದು: ಮತ್ತೆ ಆರಂಭಿಸುವವರಿಗೆ ಒಂದು ಮಾರ್ಗದರ್ಶಿ

"ಪಿಯುಸಿ ಮುಗಿಯುವಷ್ಟರಲ್ಲಿ ಮದುವೆಯಾಯಿತು. ಈಗ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಡಿಗ್ರಿ ಮಾಡಬೇಕೆಂಬ ಆಸೆ ಇನ್ನೂ ಇದೆ. ಈ ವಯಸ್ಸಿನಲ್ಲಿ ಆಗುತ್ತದೆಯೇ? ಎಲ್ಲಿ ಸೇರಬೇಕು? ಮನೆಯಲ್ಲಿ ಹೇಗೆ ಹೇಳಬೇಕು?"

ಈ ಮೂರು ಪ್ರಶ್ನೆಗಳು ನನಗೆ ಮತ್ತೆ ಮತ್ತೆ ಬರುತ್ತವೆ. ಕೆಲವರು ಎಸ್ಎಸ್ಎಲ್‌ಸಿಗೇ ನಿಲ್ಲಿಸಿದವರು, ಕೆಲವರು ಡಿಗ್ರಿಯ ಎರಡನೇ ವರ್ಷದಲ್ಲಿ ಬಸುರಾಗಿ ಬಿಟ್ಟವರು. ಹೆಚ್ಚಿನವರು ಮೊದಲು ಕೇಳುವುದು ಯಾವ ವಿಶ್ವವಿದ್ಯಾಲಯಕ್ಕೆ ಸೇರಬೇಕೆಂದು. ನಾನು ಉತ್ತರವನ್ನು ಅಡುಗೆಮನೆಯಿಂದ ಶುರು ಮಾಡುತ್ತೇನೆ. ಅರ್ಜಿ ತುಂಬುವುದು ಒಂದು ಮಧ್ಯಾಹ್ನದ ಕೆಲಸ. ಓದು ಕೈಬಿಟ್ಟು ಹೋಗುವುದು ಮನೆಯೊಳಗೆ, ಸಂಜೆ ಆರರಿಂದ ರಾತ್ರಿ ಹತ್ತರ ನಡುವೆ.

ನಾನು ಮೊದಲ ಸಲ ಸೇರಿದಾಗ ಅರ್ಜಿ, ಶುಲ್ಕ, ಪುಸ್ತಕ ಎಲ್ಲವೂ ಸರಿಯಾಗಿದ್ದವು. ಓದುವ ಹೊತ್ತೊಂದು ಮಾತ್ರ ಎಲ್ಲೂ ಇರಲಿಲ್ಲ. ಆ ವರ್ಷ ಪರೀಕ್ಷೆಗೇ ಕೂರಲಿಲ್ಲ. ಎರಡನೆಯ ಸಲ ಕ್ರಮ ಬದಲಿಸಿದೆ: ಮೊದಲು ಹೊತ್ತು, ಆಮೇಲೆ ಅರ್ಜಿ. ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿದೆ. ದಯವಿಟ್ಟು ಹಂತಗಳನ್ನು ಹಾರಿಸಬೇಡಿ.

ಹಂತ 1: ಯಾವುದಕ್ಕಾಗಿ ಓದುತ್ತೀರಿ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ

ಕೆಲಸಕ್ಕಾಗಿಯೇ, ಈಗಿರುವ ಕೆಲಸದಲ್ಲಿ ಬಡ್ತಿಗಾಗಿಯೇ, ಮಕ್ಕಳಿಗೆ ಹೇಳಿಕೊಡಲೇ, ಅಥವಾ ಅರ್ಧಕ್ಕೆ ನಿಂತದ್ದು ಮನಸ್ಸನ್ನು ಕೊರೆಯುತ್ತಿದೆ ಎಂದೇ? ಕೊನೆಯದು ಸಣ್ಣ ಕಾರಣವಲ್ಲ. "ನನಗೆ ಬೇಕು" ಎಂಬುದು ಪೂರ್ಣ ಕಾರಣ. ಅದನ್ನು ಯಾರಿಗೂ ಸಮರ್ಥಿಸಿಕೊಳ್ಳಬೇಕಾಗಿಲ್ಲ.

ಆದರೆ ಗುರಿ ಕೆಲಸವಾಗಿದ್ದರೆ, ಆ ಕೆಲಸ ಏನನ್ನು ಕೇಳುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಕರ್ನಾಟಕದಲ್ಲಿ ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೆ ಈಗ ದ್ವಿತೀಯ ಪಿಯುಸಿ ಕೇಳುತ್ತಾರೆ, ವಯಸ್ಸಿನ ಮಿತಿಯೂ ಇದೆ. ಹಾಗಾಗಿ ನಿಮ್ಮ ವಯಸ್ಸಿಗೆ ಓದಿನ ವರ್ಷಗಳನ್ನು ಕೂಡಿಸಿ ನೋಡಿ. ಸರ್ಕಾರಿ ಹುದ್ದೆಗಳಿಗೆಲ್ಲ ಈ ಲೆಕ್ಕ ಬೇಕು.

ಇಲ್ಲಿ ಎಡವುವವರು ಬಹಳ. ಅತಿ ಹೆಚ್ಚು ಎಡವುವುದು ಬಿ.ಇಡಿ. ವಿಷಯದಲ್ಲಿ. "ಡಿಗ್ರಿಯನ್ನೂ ಬಿ.ಇಡಿ.ಯನ್ನೂ ಮನೆಯಲ್ಲೇ ಕುಳಿತು ಮಾಡಿ ಟೀಚರ್ ಆಗುತ್ತೇನೆ" ಎಂದು ಹೊರಡುತ್ತಾರೆ. ದೂರಶಿಕ್ಷಣದ, ಅಂದರೆ ದಿನವೂ ಕಾಲೇಜಿಗೆ ಹೋಗದೆ ಮನೆಯಲ್ಲೇ ಓದುವ ಪದ್ಧತಿಯ, ಬಿ.ಇಡಿ. ಇರುವುದು ಈಗಾಗಲೇ ತರಬೇತಿ ಪಡೆದು ಶಿಕ್ಷಕರಾಗಿರುವವರಿಗೆ, ಅಥವಾ ಡಿ.ಇಡಿ.ಯಂತಹ ಶಿಕ್ಷಕ ತರಬೇತಿಯನ್ನು ತರಗತಿಗೆ ಹೋಗಿ ಮುಗಿಸಿದವರಿಗೆ. ಹೊಸಬರು ಕಾಲೇಜಿಗೆ ಹೋಗಿಯೇ ಮಾಡಬೇಕು. ಕಾನೂನು, ನರ್ಸಿಂಗ್, ಎಂಜಿನಿಯರಿಂಗ್ ಪದವಿಗಳೂ ದೂರಶಿಕ್ಷಣದಲ್ಲಿ ಇಲ್ಲ. ಮನಃಶಾಸ್ತ್ರ, ಆಹಾರ ಮತ್ತು ಪೋಷಣಾ ವಿಜ್ಞಾನದಂತಹ ಕೆಲವು ವಿಷಯಗಳನ್ನೂ 2025ರಿಂದ ಈ ಪದ್ಧತಿಯಲ್ಲಿ ನಿಲ್ಲಿಸಲಾಗಿದೆ. ಹಳೆಯ ಜಾಹೀರಾತು ನೋಡಿ ಹಣ ಕಟ್ಟಬೇಡಿ.

ಹಂತ 2: ಮನೆಗೆಲಸದ ಪಟ್ಟಿ ಮಾಡಿ

ಒಂದು ನೋಟ್‌ಬುಕ್ ತೆಗೆದುಕೊಂಡು ಒಂದು ವಾರ, ದಿನವೂ ನೀವು ಮಾಡಿದ ಕೆಲಸವನ್ನೆಲ್ಲ ಬರೆಯಿರಿ. ಅಡುಗೆ, ಪಾತ್ರೆ, ಬಟ್ಟೆ ಮಾತ್ರ ಸಾಲದು. ರಾತ್ರಿ ಹಾಲಿಗೆ ಹೆಪ್ಪು ಹಾಕಿದ್ದು, ದೋಸೆಗೆ ಅಕ್ಕಿ ನೆನೆಹಾಕಿದ್ದು, ಗ್ಯಾಸ್ ಬುಕ್ ಮಾಡಿದ್ದು, ಮಗಳ ಡೈರಿಗೆ ಸಹಿ ಹಾಕಿದ್ದು, ಮಾವನವರ ಬಿಪಿ ಮಾತ್ರೆ ನಾಳಿದ್ದಿಗೆ ಮುಗಿಯುತ್ತದೆಂದು ನೆನಪಿಟ್ಟುಕೊಂಡದ್ದು, ನಾದಿನಿಯ ಮಗುವಿನ ನಾಮಕರಣಕ್ಕೆ ಏನು ಕೊಡಬೇಕೆಂದು ಯೋಚಿಸಿದ್ದು, ಎಲ್ಲವನ್ನೂ ಬರೆಯಿರಿ. ಪಕ್ಕದಲ್ಲಿ ಎಷ್ಟು ನಿಮಿಷ ಹಿಡಿಯಿತೆಂದು ಹಾಕಿ. "ನೆನಪಿಟ್ಟುಕೊಳ್ಳುವ" ಕೆಲಸಕ್ಕೆ ನಿಮಿಷ ಹಾಕಲಾಗುವುದಿಲ್ಲ, ಅದಕ್ಕೊಂದು ಚುಕ್ಕೆ ಇಡಿ. ವಾರದ ಕೊನೆಗೆ ಆ ಚುಕ್ಕೆಗಳನ್ನು ಎಣಿಸಿ. ಪುಸ್ತಕ ತೆರೆದ ಕೂಡಲೇ ತಲೆ ಎಲ್ಲೋ ಹೋಗುತ್ತದೆಂದು ಬಹಳ ಜನ ಹೇಳುತ್ತಾರಲ್ಲ, ಅದು ಎಲ್ಲಿಗೆ ಹೋಗುತ್ತದೆಂದು ಅಲ್ಲಿ ಕಾಣುತ್ತದೆ.

ನಿಮ್ಮ ಮನೆಯೊಂದರ ಕಥೆಯಲ್ಲ ಇದು. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ನಡುವಿನ ಅಂತರ ಮೂರು ಗಂಟೆಗೂ ಹೆಚ್ಚು. ಒಂದು ಡಿಗ್ರಿ ಓದಲು ಬೇಕಾದ ಹೊತ್ತು ಆ ಅಂತರದಲ್ಲೇ ಕುಳಿತಿದೆ.

ಈಗ ಓದಿಗೆ ಎಷ್ಟು ಬೇಕೆಂದು ನೋಡೋಣ. ದೂರಶಿಕ್ಷಣದಲ್ಲಿ ಓದಿನ ಅಳತೆಗೆ "ಕ್ರೆಡಿಟ್" ಎನ್ನುತ್ತಾರೆ. ಕೇಂದ್ರ ಸರ್ಕಾರದ ಮುಕ್ತ ವಿಶ್ವವಿದ್ಯಾಲಯವಾದ ಇಗ್ನೋದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಕಲಿಕೆ: ಓದುವುದು, ಬರೆಯುವುದು, ಪಾಠ ಕೇಳುವುದು ಎಲ್ಲ ಸೇರಿ. ನಾಲ್ಕು ಕ್ರೆಡಿಟ್‌ನ ಒಂದು ಪತ್ರಿಕೆಗೆ 120 ಗಂಟೆ. ದಿನಕ್ಕೆ ಒಂದು ಗಂಟೆ ಕೊಟ್ಟರೆ ಒಂದು ಪತ್ರಿಕೆಗೆ ನಾಲ್ಕು ತಿಂಗಳು ಬೇಕು, ಎರಡು ಗಂಟೆ ಕೊಟ್ಟರೆ ಎರಡು ತಿಂಗಳು. ಹಾಗಾಗಿ ನಿಮ್ಮ ಗುರಿ ದಿನಕ್ಕೆ ಎರಡು ಗಂಟೆ, ವಾರಕ್ಕೆ ಆರು ದಿನ ಎಂದಿಟ್ಟುಕೊಳ್ಳಿ.

ಎಚ್ಚರಿಕೆ: ಆ ಎರಡು ಗಂಟೆಯನ್ನು ನಿದ್ದೆಯಿಂದ ಕೀಳಬೇಡಿ. "ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತೇನೆ, ಯಾರಿಗೂ ತೊಂದರೆಯಿಲ್ಲ" ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎರಡು ತಿಂಗಳು ಹಾಗೆ ನಡೆಯುತ್ತದೆ. ಆಮೇಲೆ ತಲೆನೋವು, ಸಿಡುಕು, ಮಗುವಿನ ಮೇಲೆ ಕೂಗಾಟ, ಕೊನೆಗೆ "ಓದೇ ಬೇಡ". ಬೇಗ ಏಳುವ ಅಭ್ಯಾಸವಿದ್ದರೆ ಏಳಿ, ಆದರೆ ಅಷ್ಟೇ ಬೇಗ ಮಲಗುವ ವ್ಯವಸ್ಥೆ ಮನೆಯಲ್ಲಿರಬೇಕು. ಓದುವ ಹೊತ್ತು ಕೆಲಸದ ಹಂಚಿಕೆಯಿಂದ ಬರಬೇಕು.

ಹಂತ 3: ಗಂಡನೊಂದಿಗೆ ಕುಳಿತು ಮಾತನಾಡಿ

ಇದು ಇಡೀ ಮಾರ್ಗದರ್ಶಿಯ ಅತಿ ಮುಖ್ಯ ಹಂತ. ಅವರು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿರುವಾಗ ಹೇಳಬೇಡಿ. ಜಗಳದ ಕೊನೆಯಲ್ಲಿ "ನನಗೂ ಓದಲು ಬಿಟ್ಟಿದ್ದರೆ..." ಎಂದು ಎತ್ತಬೇಡಿ, ಆಗ ಓದು ಆರೋಪವಾಗಿಬಿಡುತ್ತದೆ. ಭಾನುವಾರ ಊಟವಾದ ಮೇಲೆ, ಮಕ್ಕಳು ಆಡಲು ಹೋದಾಗ, ಆ ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡು ಕುಳಿತುಕೊಳ್ಳಿ.

"ನಾನು ಓದಲೇ?" ಎಂದು ಕೇಳಿದರೆ ಅದಕ್ಕೆ ಬರುವ ಉತ್ತರ ಹೌದು ಅಥವಾ ಬೇಡ. ಹೌದು ಎಂದರೂ ಮರುದಿನ ಏನೂ ಬದಲಾಗುವುದಿಲ್ಲ. ಅದಕ್ಕೆ ಬದಲು ನಾಲ್ಕು ಸಂಗತಿಗಳನ್ನು ನೇರವಾಗಿ ಮುಂದಿಡಿ: ಯಾವ ಕೋರ್ಸ್, ಎಷ್ಟು ವರ್ಷ, ಅಂದಾಜು ಎಷ್ಟು ಖರ್ಚು, ದಿನದ ಯಾವ ಎರಡು ಗಂಟೆ. ಆಮೇಲೆ ಕೇಳಿ: "ಆ ಎರಡು ಗಂಟೆಯಲ್ಲಿ ಮನೆ ಹೇಗೆ ನಡೆಯಬೇಕು? ನೀವು ಯಾವ ಕೆಲಸ ತೆಗೆದುಕೊಳ್ಳುತ್ತೀರಿ?"

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ಸಹಾಯ, ಇನ್ನೊಂದು ಜವಾಬ್ದಾರಿ. ನೀವು ಹೇಳಿದಾಗ ತರಕಾರಿ ಹೆಚ್ಚಿಕೊಡುವುದು ಸಹಾಯ. ಏನು ಅಡುಗೆ, ಮನೆಯಲ್ಲಿ ಏನಿದೆ, ಯಾವಾಗ ಕುಕ್ಕರ್ ಇಡಬೇಕು ಎಂಬುದು ಇನ್ನೂ ನಿಮ್ಮ ತಲೆಯಲ್ಲೇ ಇರುತ್ತದೆ, ಪುಸ್ತಕ ಹಿಡಿದರೂ ಕಿವಿ ಸೀಟಿ ಎಣಿಸುತ್ತಿರುತ್ತದೆ. ಜವಾಬ್ದಾರಿ ಎಂದರೆ ಒಂದು ಕೆಲಸ ಆದಿಯಿಂದ ಅಂತ್ಯದವರೆಗೆ ಅವರದು. ರಾತ್ರಿಯ ಊಟ ಎಂದರೆ ಯೋಚನೆ, ಸಾಮಾನು, ಅಡುಗೆ, ಬಡಿಸುವುದು, ಕಟ್ಟೆ ಒರೆಸುವುದು. ಮಕ್ಕಳ ಓದು ಎಂದರೆ ಡೈರಿ, ಹೋಮ್‌ವರ್ಕ್, ಪೋಷಕರ ಸಭೆ, ಶಾಲೆಯ ವಾಟ್ಸಾಪ್ ಗುಂಪು. ಹತ್ತು ಕೆಲಸದಲ್ಲಿ ಚೂರುಪಾರು ಸಹಾಯ ಬೇಡ, ಎರಡು ಕೆಲಸ ಪೂರ್ತಿಯಾಗಿ ಕೈದಾಟಲಿ. ನೋಟ್‌ಬುಕ್ಕಿನಲ್ಲಿ ಆ ಎರಡರ ಮುಂದೆ ಅವರ ಹೆಸರು ಬರೆಯಿರಿ.

ಕೈದಾಟಿಸಿದ ಮೇಲೆ ನಿಮ್ಮ ಕಡೆಯಿಂದಲೂ ಒಂದು ಕಷ್ಟದ ಕೆಲಸವಿದೆ: ಸುಮ್ಮನಿರುವುದು. ಸಾರಿಗೆ ಉಪ್ಪು ಕಡಿಮೆಯಾಗುತ್ತದೆ, ಚಪಾತಿ ಭೂಪಟದಂತಿರುತ್ತದೆ, ಸ್ಟೀಲ್ ಡಬ್ಬಗಳು ಬೇರೆ ಜಾಗ ಸೇರುತ್ತವೆ. ಎದ್ದು ಹೋಗಿ ಸರಿಮಾಡಿದಿರೋ, ಮೂರನೇ ದಿನಕ್ಕೆ ಆ ಕೆಲಸ ನಿಮ್ಮ ಬಳಿಗೇ ವಾಪಸ್ಸು ಬರುತ್ತದೆ. ಒಂದು ತಿಂಗಳು ಬಿಡಿ. ಕೈ ಪಳಗುತ್ತದೆ.

ಗಂಡನ ಮನಸ್ಸಿನಲ್ಲಿ ಏನಿರಬಹುದೆಂದೂ ಕೇಳಿ ತಿಳಿಯಿರಿ. "ಬೇಡ" ಎನ್ನುವ ಹೆಚ್ಚಿನವರ ಒಳಗೆ ಒಂದು ಹೆದರಿಕೆ ಇರುತ್ತದೆ: ಹಣ ಸಾಲುತ್ತದೆಯೇ, ಮಕ್ಕಳ ಅಂಕ ಇಳಿಯುತ್ತದೆಯೇ, ಊರವರು ಏನೆನ್ನುತ್ತಾರೆ, ಅವಳು ನನಗಿಂತ ಹೆಚ್ಚು ಓದಿದವಳಾದರೆ ನನ್ನನ್ನು ಕೀಳಾಗಿ ಕಂಡರೆ? ಕೊನೆಯದನ್ನು ಯಾವ ಗಂಡಸೂ ಬಾಯಿಬಿಟ್ಟು ಹೇಳುವುದಿಲ್ಲ. ನೀವೇ ಹೇಳಿ: "ನೀವೂ ಏನಾದರೂ ಕಲಿಯಬೇಕೆಂದಿದ್ದಿರಲ್ಲ, ಅದನ್ನೂ ಬರೆಯೋಣ." ತಬಲಾ ಇರಬಹುದು, ಅರ್ಧಕ್ಕೆ ಬಿಟ್ಟ ಡಿಪ್ಲೊಮಾ ಇರಬಹುದು, ಈಜು ಇರಬಹುದು. ನಿಮ್ಮ ಎರಡು ಗಂಟೆಗೆ ಎದುರಾಗಿ ಅವರಿಗೂ ವಾರಕ್ಕೊಂದು ಹೊತ್ತು ಇರಲಿ, ಆಗ ಮನೆ ನೀವು ನಡೆಸಿ. ಇಬ್ಬರೂ ಬೆಳೆಯುವ ಮನೆಯಲ್ಲಿ ಒಬ್ಬರ ಓದು ಇನ್ನೊಬ್ಬರ ಮೇಲಿನ ಭಾರ ಎನಿಸುವುದಿಲ್ಲ. ಇದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ಇದನ್ನು ಓದುತ್ತಿರುವ ಗಂಡಂದಿರಿಗೆ ಒಂದು ಮಾತು. ಅತ್ತೆಯ ಬಳಿ ಸೊಸೆ ಹೇಳಿದರೆ ಅದು ಉತ್ತರ ಕೊಟ್ಟಂತಾಗುತ್ತದೆ, ಮಗ ಹೇಳಿದರೆ ಮನೆಯ ತೀರ್ಮಾನವಾಗುತ್ತದೆ. "ಅಮ್ಮ, ಇನ್ನು ಸಂಜೆ ಏಳರಿಂದ ಒಂಬತ್ತರವರೆಗೆ ಅವಳು ಓದುತ್ತಾಳೆ, ಏನು ಬೇಕಿದ್ದರೂ ನನ್ನನ್ನು ಕರೆಯಿರಿ" ಎಂಬ ಒಂದು ವಾಕ್ಯವನ್ನು ನೀವು ಹೇಳಬೇಕು, ಅವಳಲ್ಲ. ಆಮೇಲೆ ಕರೆದಾಗ ಹೋಗಲೂಬೇಕು.

ಇನ್ನು, ಮಾತಿಗೆ ಜಾಗವೇ ಇಲ್ಲದ ಮನೆಗಳೂ ಇವೆ. ಅಂಕಪಟ್ಟಿ ಬಚ್ಚಿಡುವುದು, ಪುಸ್ತಕ ಹರಿಯುವುದು, ಓದಿದರೆ ಮನೆಯಿಂದ ಹಾಕುತ್ತೇನೆ ಎನ್ನುವುದು, ಕೈಯೆತ್ತುವುದು. ಇದನ್ನು ನಯದ ಮಾತಿನಿಂದ ಸರಿಮಾಡುವ ಹೊಣೆ ನಿಮ್ಮದಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹೊಡೆತವಷ್ಟೇ ಅಲ್ಲ, ಮಾತಿನ, ಮನಸ್ಸಿನ, ಹಣಕಾಸಿನ ಹಿಂಸೆಯೂ ಸೇರಿದೆ. ನಿಮ್ಮ ಮೂಲ ದಾಖಲೆಗಳನ್ನು ತವರಿನಲ್ಲೋ ನಂಬುವ ಗೆಳತಿಯ ಬಳಿಯಲ್ಲೋ ಇಡಿ.

ಹಂತ 4: ಆರು ವಾರ ಪ್ರಯೋಗ ಮಾಡಿ

ಹಣ ಕಟ್ಟುವ ಮೊದಲು ಆರು ವಾರ ಆ ಎರಡು ಗಂಟೆಯನ್ನು ನಡೆಸಿ ನೋಡಿ. ಪುಸ್ತಕಕ್ಕೆ ಖರ್ಚಿಲ್ಲ. ಶಾಲಾ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಸಿಗುತ್ತವೆ, ಇಗ್ನೋದ ಪಾಠಗಳು ಇ-ಜ್ಞಾನಕೋಶ ಎಂಬ ಅದರ ಜಾಲತಾಣದಲ್ಲಿ ಉಚಿತ. ಓದಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಪ್ಪಿದ ದಿನ ಏಕೆ ತಪ್ಪಿತೆಂದು ಒಂದು ಪದ ಬರೆಯಿರಿ: ನೆಂಟರು, ಜ್ವರ, ಕರೆಂಟು, ಸುಸ್ತು.

ವಾರಕ್ಕೆ ಆರರಂತೆ 36 ದಿನಗಳಲ್ಲಿ 25 ದಿನ ನಡೆದಿದ್ದರೆ ಧೈರ್ಯವಾಗಿ ಸೇರಿ. ಅದಕ್ಕಿಂತ ಕಡಿಮೆಯಾಗಿದ್ದರೆ ಆ ಪದಗಳನ್ನು ನೋಡಿ. "ನೆಂಟರು" ಹತ್ತು ಸಲ ಬಂದಿದ್ದರೆ ಹೊತ್ತು ಬದಲಿಸಿ, ಸಂಜೆಯ ಬದಲು ಮಕ್ಕಳು ಶಾಲೆಗೆ ಹೋದ ಮೇಲಿನ ಹತ್ತರಿಂದ ಹನ್ನೆರಡು ಇಟ್ಟುಕೊಳ್ಳಿ. "ಸುಸ್ತು" ಹೆಚ್ಚಿದ್ದರೆ ರಕ್ತಹೀನತೆ ಪರೀಕ್ಷೆ ಮಾಡಿಸಿ. ನಾನು ಇದನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ. ಸೋಮಾರಿತನ ಎಂದು ತಮ್ಮನ್ನೇ ಬೈದುಕೊಳ್ಳುವ ಎಷ್ಟೋ ಹೆಂಗಸರಿಗೆ ಇರುವುದು ಕಬ್ಬಿಣದ ಕೊರತೆ.

ಜಾಗವನ್ನೂ ಈಗಲೇ ಗೊತ್ತುಮಾಡಿ. ಪ್ರತ್ಯೇಕ ಕೋಣೆ ಬೇಡ, ಒಂದು ಮೂಲೆ ಸಾಕು. ಆದರೆ ಅದು ಅಡುಗೆಮನೆಗೆ ಬೆನ್ನು ಹಾಕಿರಲಿ.

ಹಂತ 5: ದಾಖಲೆಗಳನ್ನು ಹೊರತೆಗೆಯಿರಿ

ಬೀರುವಿನ ತಳದಲ್ಲಿ, ಮದುವೆಯ ಸೀರೆಯ ಕೆಳಗೆ, ಪ್ಲಾಸ್ಟಿಕ್ ಕವರಿನೊಳಗೆ ನುಸಿಗುಳಿಗೆಯ ವಾಸನೆ ಹಿಡಿದ ಆ ಅಂಕಪಟ್ಟಿಯನ್ನು ಹೊರತೆಗೆಯಿರಿ. ಎಸ್ಎಸ್ಎಲ್‌ಸಿ ಅಂಕಪಟ್ಟಿಯೇ ನಿಮ್ಮ ಹುಟ್ಟಿದ ದಿನಾಂಕಕ್ಕೂ ಹೆಸರಿಗೂ ಮೂಲ ಆಧಾರ. ಅದರ ಜೊತೆಗೆ ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಬೇಕಿದ್ದರೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಫೋಟೊ. ಅಂಕಪಟ್ಟಿ ಕಳೆದಿದ್ದರೆ ಕೊನೆಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಿಂದ ನಕಲು ಪ್ರತಿ ಪಡೆಯುವ ಬಗೆ ಕೇಳಿ. ಇದಕ್ಕೆ ಸಮಯ ಹಿಡಿಯುತ್ತದೆ, ಪ್ರವೇಶದ ಕೊನೆಯ ವಾರದವರೆಗೆ ಕಾಯಬೇಡಿ.

ಮದುವೆಯಾದವರಿಗೆ ಎದುರಾಗುವ ದೊಡ್ಡ ತೊಡಕು ಹೆಸರು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಬ್ಯಾಂಕಿನಲ್ಲಿ ಮೂರನೆಯದೊಂದು. ಈಗ ಮುಕ್ತ ಮತ್ತು ದೂರಶಿಕ್ಷಣಕ್ಕೆ ಸೇರುವವರು ಮೊದಲು ಎರಡು ಗುರುತಿನ ಸಂಖ್ಯೆ ಮಾಡಿಸಿಕೊಳ್ಳಬೇಕು. ಒಂದು ಎಬಿಸಿ ಐಡಿ, ಅಂದರೆ ನೀವು ಗಳಿಸುವ ಕ್ರೆಡಿಟ್‌ಗಳನ್ನು ಜಮಾ ಮಾಡುವ ಖಾತೆಯ ಸಂಖ್ಯೆ. ಇನ್ನೊಂದು ಡೆಬ್ ಐಡಿ, ಅಂದರೆ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯುಜಿಸಿಯ ದೂರಶಿಕ್ಷಣ ಮಂಡಳಿ ಕೊಡುವ ಸಂಖ್ಯೆ. ಇವು ಆಧಾರ್‌ನಲ್ಲಿರುವ ಹೆಸರನ್ನೇ ಎತ್ತಿಕೊಳ್ಳುತ್ತವೆ. ಅಂಕಪಟ್ಟಿಯ ಹೆಸರು ಬೇರೆಯಿದ್ದರೆ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು.

ಏನು ಮಾಡಬೇಕು? ಅಂಕಪಟ್ಟಿಯನ್ನು ಬದಲಿಸಲು ಹೋಗಬೇಡಿ. ಪರೀಕ್ಷಾ ಮಂಡಳಿ ತಿದ್ದುವುದು ತಪ್ಪುಗಳನ್ನು, ಮದುವೆಯ ನಂತರದ ಹೆಸರನ್ನಲ್ಲ. ಆಧಾರ್‌ನ ಹೆಸರನ್ನು ಅಂಕಪಟ್ಟಿಗೆ ಹೊಂದಿಸುವುದು ಸುಲಭದ ದಾರಿ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಮದುವೆಯಾದಾಗ ಒಮ್ಮೆ ಬದಲಿಸಿದ್ದರೆ ಉಳಿದಿರುವುದು ಒಂದೇ. ಆಧಾರ್ ಸೇವಾ ಕೇಂದ್ರದಲ್ಲಿ ಅಕ್ಷರ ಅಕ್ಷರ ನೋಡಿ, ಇನಿಷಿಯಲ್ ಎಲ್ಲಿದೆ, ಚುಕ್ಕೆ ಇದೆಯೇ, "ಲಕ್ಷ್ಮಿ"ಯ ಇಂಗ್ಲಿಷ್ ಕಾಗುಣಿತ ಅಂಕಪಟ್ಟಿಯಲ್ಲಿದ್ದಂತೆಯೇ ಇದೆಯೇ ಎಂದು ಪರೀಕ್ಷಿಸಿ ಆಮೇಲೆ ಒಪ್ಪಿಗೆ ಕೊಡಿ. ಮದುವೆ ನೋಂದಣಿ ಪತ್ರ ಇಲ್ಲದಿದ್ದರೆ ಮಾಡಿಸಿಕೊಳ್ಳಿ, ಎರಡು ಹೆಸರೂ ಒಬ್ಬಳದೇ ಎಂದು ತೋರಿಸಲು ಅದೇ ಗಟ್ಟಿ ದಾಖಲೆ. ಕರ್ನಾಟಕದಲ್ಲಿ ಹಿಂದೂ ವಿವಾಹಗಳಿಗೆ ಕಾವೇರಿ ತಂತ್ರಾಂಶದ ಮೂಲಕ 2024ರಿಂದ ಆನ್‌ಲೈನ್ ನೋಂದಣಿಯೂ ಇದೆ.

ಹೊಸದಾಗಿ ಮದುವೆಯಾಗುತ್ತಿರುವ ಹುಡುಗಿಯರಿಗೆ: ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕೆಂಬ ಕಾನೂನು ಯಾವುದೂ ಇಲ್ಲ. ಅಂಕಪಟ್ಟಿಯ ಹೆಸರನ್ನೇ ಉಳಿಸಿಕೊಂಡರೆ ಈ ತೊಡಕೇ ಬರುವುದಿಲ್ಲ.

ಹಂತ 6: ಎಲ್ಲಿ ಸೇರಬೇಕು

ಎಸ್ಎಸ್ಎಲ್‌ಸಿ ಆಗಿಲ್ಲದಿದ್ದರೆ ಎರಡು ದಾರಿ. ಒಂದು, ರಾಜ್ಯ ಮಂಡಳಿಯ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ, ಅಂದರೆ ಶಾಲೆಗೆ ಹೋಗದೆ ನೇರವಾಗಿ ಪರೀಕ್ಷೆಗೆ ಕೂರುವುದು. ಇಂಗ್ಲಿಷ್‌ನಂತಹ ಭಾಷಾ ಪತ್ರಿಕೆ ಬಿಟ್ಟು ಉಳಿದದ್ದನ್ನು ಕನ್ನಡದಲ್ಲೇ ಬರೆಯಬಹುದು, ಪುಸ್ತಕ ನಿಮ್ಮ ಮಕ್ಕಳದೇ ಆಗುತ್ತದೆ. ಇನ್ನೊಂದು, ರಾಷ್ಟ್ರೀಯ ಮುಕ್ತ ಶಾಲೆ ಎಂದು ಕರೆಯುವ ಎನ್ಐಒಎಸ್. ಇಲ್ಲಿ ಐದು ವಿಷಯ, ಒಮ್ಮೆ ನೋಂದಾಯಿಸಿದರೆ ಐದು ವರ್ಷ ಕಾಲಾವಕಾಶ, ಅಷ್ಟರಲ್ಲಿ ಒಂಬತ್ತು ಪರೀಕ್ಷಾ ಅವಕಾಶ, ಒಂದೊಂದೇ ವಿಷಯ ಪಾಸು ಮಾಡಿಕೊಂಡು ಹೋಗಬಹುದು. ಪುಟ್ಟ ಮಗುವಿರುವವರಿಗೆ ಇದು ಒಳ್ಳೆಯದು. ಸೇರುವ ಮೊದಲು ನೀವು ಆರಿಸಿದ ವಿಷಯಗಳ ಪುಸ್ತಕ ಮತ್ತು ಪರೀಕ್ಷೆ ಯಾವ ಭಾಷೆಯಲ್ಲಿರುತ್ತದೆ ಎಂದು ಕೇಳಿಕೊಳ್ಳಿ.

ಪಿಯುಸಿಗೂ ಇವೇ ಎರಡು ದಾರಿ. ರಾಜ್ಯದ ಪಿಯುಸಿಯಲ್ಲಿ ಖಾಸಗಿ ಅಭ್ಯರ್ಥಿಗಳಿಗೆ ಕಲೆ ಮತ್ತು ವಾಣಿಜ್ಯ ವಿಭಾಗ ಮಾತ್ರ. ಪಿಯುಸಿಯನ್ನು ಬಿಟ್ಟು ನೇರ ಡಿಗ್ರಿಗೆ ಹಾರುವ ದಾರಿ ತೋರಿಸುವವರಿದ್ದಾರೆ. ಹಿಡಿಯಬೇಡಿ. ಡಿಗ್ರಿ ಕೈಗೆ ಬಂದ ಮೇಲೂ ನೇಮಕಾತಿಯಲ್ಲಿ ಪಿಯುಸಿ ಅಂಕಪಟ್ಟಿ ಕೇಳುತ್ತಾರೆ.

ಡಿಗ್ರಿಗೆ ನಮ್ಮ ರಾಜ್ಯದವರ ಮುಂದೆ ಮುಖ್ಯವಾಗಿ ಎರಡು ಸರ್ಕಾರಿ ಸಂಸ್ಥೆಗಳಿವೆ. ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಆರಂಭವಾದದ್ದು. ಕನ್ನಡದಲ್ಲಿ ಓದಿ ಕನ್ನಡದಲ್ಲೇ ಪರೀಕ್ಷೆ ಬರೆಯಬೇಕೆನ್ನುವವರಿಗೆ ನಾನು ಹೇಳುವುದು ಇದನ್ನೇ. "ಅದಕ್ಕೆ ಮಾನ್ಯತೆ ಹೋಗಿದೆಯಂತೆ" ಎಂದು ಈಗಲೂ ಕೇಳುತ್ತಾರೆ. 2015ರಲ್ಲಿ ಯುಜಿಸಿ ಮಾನ್ಯತೆ ಹಿಂತೆಗೆದುಕೊಂಡದ್ದು ನಿಜ, ವಿದ್ಯಾರ್ಥಿಗಳು ಬಹಳ ಕಷ್ಟಪಟ್ಟರು. 2018-19ರಿಂದ ಮಾನ್ಯತೆ ಮರಳಿ ಬಂದಿದೆ. ಇನ್ನೊಂದು ಇಗ್ನೋ, 1985ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮುಕ್ತ ವಿಶ್ವವಿದ್ಯಾಲಯ. ಜನವರಿ ಮತ್ತು ಜುಲೈನಲ್ಲಿ ಪ್ರವೇಶ. ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೆ ಎಳೆದುಕೊಂಡು ಮುಗಿಸಬಹುದು. ಗಂಡನಿಗೆ ವರ್ಗಾವಣೆಯಾಗುವ ಕೆಲಸವಿದ್ದರೆ, ಹೊರರಾಜ್ಯದಲ್ಲಿದ್ದರೆ ಇದು ಅನುಕೂಲ, ಅಧ್ಯಯನ ಕೇಂದ್ರ ಬದಲಿಸಿಕೊಳ್ಳಬಹುದು. ಆದರೆ ಹೆಚ್ಚಿನ ಕೋರ್ಸ್‌ಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿವೆ.

"ದೂರಶಿಕ್ಷಣದ ಡಿಗ್ರಿಗೆ ಬೆಲೆಯಿಲ್ಲ" ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಮಾನ್ಯತೆ ಪಡೆದ ಸಂಸ್ಥೆಯ ದೂರಶಿಕ್ಷಣದ ಪದವಿ ಕಾಲೇಜಿನ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಮತ್ತೆ ಸ್ಪಷ್ಟಪಡಿಸಿದೆ.

ಎಚ್ಚರಿಕೆ: "ಒಂದೇ ವರ್ಷದಲ್ಲಿ ಡಿಗ್ರಿ", "ಪರೀಕ್ಷೆ ನಾವೇ ನೋಡಿಕೊಳ್ಳುತ್ತೇವೆ" ಎಂಬ ಬೋರ್ಡು ಬಸ್ ನಿಲ್ದಾಣದ ಪಕ್ಕದ ಮಹಡಿಯಲ್ಲಿ ಕಂಡರೆ ಮೆಟ್ಟಿಲು ಹತ್ತಬೇಡಿ. ಕೂಡಿಟ್ಟ ಹಣ ಮಾತ್ರವಲ್ಲ, ಮನೆಯಲ್ಲಿ ಕಷ್ಟಪಟ್ಟು ಗಳಿಸಿದ ಒಪ್ಪಿಗೆಯೂ ಅಲ್ಲಿ ಮುಳುಗುತ್ತದೆ. ಯುಜಿಸಿಯ ದೂರಶಿಕ್ಷಣ ಮಂಡಳಿಯ ಜಾಲತಾಣದಲ್ಲಿ ಆ ವರ್ಷ ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸ್‌ಗೆ ಅನುಮತಿ ಇದೆ ಎಂಬ ಪಟ್ಟಿ ಇರುತ್ತದೆ. ವಿಶ್ವವಿದ್ಯಾಲಯದ ಹೆಸರು ಇದ್ದರೆ ಸಾಲದು, ನಿಮ್ಮ ಕೋರ್ಸ್‌ನ ಹೆಸರೂ ಇರಬೇಕು. ಶುಲ್ಕವನ್ನು ಮಧ್ಯವರ್ತಿಯ ಕೈಗೆ ಕೊಡದೆ ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ.

ಹಂತ 7: ಹಣ

ಶುಲ್ಕ ನಿಮ್ಮ ಹೆಸರಿನ ಬ್ಯಾಂಕ್ ಖಾತೆಯಿಂದ ಹೋಗಲಿ. ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಬರುತ್ತಿದ್ದರೆ ಅದರ ಒಂದು ಪಾಲನ್ನು ಓದಿಗೆ ಎತ್ತಿಡಿ. ಕಂತು ಕೆಲವೊಮ್ಮೆ ತಡವಾಗುವುದರಿಂದ ಶುಲ್ಕದ ಕೊನೆಯ ದಿನಾಂಕವನ್ನು ಅದಕ್ಕೇ ಜೋತುಹಾಕಬೇಡಿ. ಅಧ್ಯಯನ ಕೇಂದ್ರಕ್ಕೆ ಹೋಗಿಬರಲು ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ, 2023ರ ಜೂನ್ 11ರಿಂದ. ಪ್ರವೇಶ ಶುಲ್ಕದ ಜೊತೆ ಪರೀಕ್ಷಾ ಶುಲ್ಕ, ನಕಲು ಪ್ರತಿ, ಪ್ರಯಾಣದ ದಿನದ ಊಟ ಇವನ್ನೂ ಮೊದಲೇ ಕೂಡಿಸಿ ಮನೆಯಲ್ಲಿ ಹೇಳಿ. ನಡುವೆ ಪದೇ ಪದೇ ಕೇಳುವುದಕ್ಕಿಂತ ಒಂದೇ ಸಲ ಪೂರ್ತಿ ಲೆಕ್ಕ ಕೊಡುವುದು ವಾಸಿ.

ಹಂತ 8: ಸೇರಿದ ಮೇಲಿನ ಒಂದು ವರ್ಷ

ಕಾಲೇಜಿನಲ್ಲಿ ಯಾರಾದರೂ ಕರೆದು ನೆನಪಿಸುತ್ತಾರೆ. ಇಲ್ಲಿ ಯಾರೂ ಕರೆಯುವುದಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ನಾಲ್ಕು ದಿನಾಂಕಗಳನ್ನು ಕೆಂಪು ಪೆನ್ನಿನಲ್ಲಿ ಗುರುತಿಸಿ: ನಿಯೋಜನೆ ಸಲ್ಲಿಸುವುದು, ಪರೀಕ್ಷೆಯ ಅರ್ಜಿ ತುಂಬುವುದು, ಪರೀಕ್ಷೆ, ಮರುನೋಂದಣಿ.

ನಿಯೋಜನೆ ಎಂದರೆ ಮನೆಯಲ್ಲಿ ಉತ್ತರ ಬರೆದು ಕೊಡುವ ಪ್ರಶ್ನೆಗಳು. ಇಗ್ನೋದ ಹೆಚ್ಚಿನ ಕೋರ್ಸ್‌ಗಳಲ್ಲಿ ಇದಕ್ಕೆ 30%, ಅಂತಿಮ ಪರೀಕ್ಷೆಗೆ 70% ತೂಕ. ಇದನ್ನು ಕೊಡದೆ ಪರೀಕ್ಷೆಯಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಪತ್ರಿಕೆ ಪೂರ್ತಿಯಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಿದ್ಧ ಉತ್ತರಗಳನ್ನು ನಕಲು ಮಾಡಬೇಡಿ. ಸಿಕ್ಕಿಬೀಳುತ್ತೀರಿ ಎಂಬ ಮಾತು ಹಾಗಿರಲಿ, ಎಷ್ಟೋ ವರ್ಷದ ಮೇಲೆ ನಿಮ್ಮ ಸ್ವಂತ ವಾಕ್ಯ ಬರೆಯುವ ಅವಕಾಶ ಅದು.

ಮರುನೋಂದಣಿ ಎಂದರೆ ಮುಂದಿನ ವರ್ಷಕ್ಕೋ ಸೆಮಿಸ್ಟರಿಗೋ ಮತ್ತೆ ಶುಲ್ಕ ಕಟ್ಟಿ ಹೆಸರು ನೋಂದಾಯಿಸುವುದು. ಇದು ತಾನಾಗಿ ಆಗುವುದಿಲ್ಲ. ಹಿಂದಿನ ಫಲಿತಾಂಶ ಬರಲೆಂದು ಕಾಯುತ್ತ ಕುಳಿತು ದಿನಾಂಕ ತಪ್ಪಿಸಿಕೊಂಡವರು ಬಹಳ. ಇಗ್ನೋದಲ್ಲಿ ಫಲಿತಾಂಶಕ್ಕೆ ಕಾಯದೆ ಮರುನೋಂದಣಿ ಮಾಡಬಹುದು.

ಜೂನ್ ಪರೀಕ್ಷೆಯ ತಯಾರಿ ಬೀಳುವುದು ಏಪ್ರಿಲ್ ಮೇ ತಿಂಗಳಲ್ಲಿ, ಅದೇ ಮದುವೆ, ಜಾತ್ರೆ, ಮಕ್ಕಳ ಬೇಸಿಗೆ ರಜೆಯ ಕಾಲ. ಯಾರ ಮದುವೆಗೆ ಮೂರು ದಿನ, ಯಾರ ಮದುವೆಗೆ ಬರೀ ಮುಹೂರ್ತದ ಊಟ ಎಂದು ಯುಗಾದಿಯ ಹೊತ್ತಿಗೇ ಇಬ್ಬರೂ ಕುಳಿತು ತೀರ್ಮಾನಿಸಿ. ಹೆರಿಗೆ, ಅತ್ತೆಯ ಆಪರೇಷನ್ ಇಂಥದ್ದು ಬಂದರೆ ಆ ಸಲದ ಪರೀಕ್ಷೆ ಬಿಡಿ, ಓದನ್ನು ಬಿಡಬೇಡಿ. ಪತ್ರಿಕೆ ಮುಂದಿನ ಸಲಕ್ಕೆ ಉಳಿಯುತ್ತದೆ, ಕಾಲಾವಧಿ ಇರುವುದೇ ಅದಕ್ಕೆ.

ಹಂತ 9: ಪರೀಕ್ಷೆ

ಹತ್ತು ವರ್ಷದ ಮೇಲೆ ಪೆನ್ನು ಹಿಡಿದವರಿಗೆ ಮೊದಲು ಕೈಕೊಡುವುದು ನೆನಪಲ್ಲ, ಬೆರಳು. ನನಗೆ ಮೊದಲ ಪರೀಕ್ಷೆಯಲ್ಲಿ ಒಂದೂವರೆ ಗಂಟೆಗೆ ಹೆಬ್ಬೆರಳಿನ ಬುಡ ಮರಗಟ್ಟಿತು. ಉತ್ತರ ಗೊತ್ತಿತ್ತು, ಅಕ್ಷರ ಮೂಡಲಿಲ್ಲ. ಪರೀಕ್ಷೆಗೆ ಎಂಟು ವಾರ ಇರುವಾಗಲೇ ದಿನಕ್ಕೊಂದು ಪುಟ ಬರೆಯಿರಿ, ವಾರಕ್ಕೊಂದು ಪುಟ ಹೆಚ್ಚಿಸಿ. ಕೊನೆಯ ಎರಡು ಭಾನುವಾರ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಪೂರ್ತಿ ಬರೆಯಿರಿ. ಆ ಭಾನುವಾರಗಳಲ್ಲಿ ಮನೆಯವರೆಲ್ಲ ಎಲ್ಲಿಗಾದರೂ ಹೋಗಿಬರಲಿ.

ಪರೀಕ್ಷೆಯ ದಿನಗಳಲ್ಲಿ ಬೆಳಿಗ್ಗೆ ಎದ್ದು ಎಲ್ಲರಿಗೂ ಡಬ್ಬಿ ಕಟ್ಟಿ ಆಮೇಲೆ ಓಡುವ ಸಾಹಸ ಬೇಡ. ಕೇಂದ್ರ ದೂರವಿದ್ದರೆ ಹಿಂದಿನ ದಿನವೇ ಹೋಗಿ ತಂಗುವ ವ್ಯವಸ್ಥೆ ಮಾಡಿ. ಪ್ರವೇಶಪತ್ರ, ವಿಶ್ವವಿದ್ಯಾಲಯದ ಗುರುತಿನ ಚೀಟಿ, ಆಧಾರ್ ಮೂರನ್ನೂ ಒಂದೇ ಕವರಿನಲ್ಲಿಡಿ. ಪಕ್ಕದ ಬೆಂಚಿನಲ್ಲಿ ನಿಮ್ಮ ಮಗನ ವಯಸ್ಸಿನ ಹುಡುಗ ಕುಳಿತಿರುತ್ತಾನೆ. ನಿಮ್ಮ ಹಿಂದಿನ ಬೆಂಚಿನಲ್ಲಿ ನಿಮಗಿಂತ ದೊಡ್ಡವರೂ ಇರುತ್ತಾರೆ, ಒಮ್ಮೆ ತಿರುಗಿ ನೋಡಿ.

ಎಲ್ಲ ಪತ್ರಿಕೆಗಳೂ ಮುಗಿದು ಫಲಿತಾಂಶ ಬಂದಾಗ ಮೊದಲು ತಾತ್ಕಾಲಿಕ ಪ್ರಮಾಣಪತ್ರ ಪಡೆಯಿರಿ. ಘಟಿಕೋತ್ಸವ ಆಗುವವರೆಗೆ ಉದ್ಯೋಗದ ಅರ್ಜಿಗಳಿಗೆ ಅದು ಸಾಕಾಗುತ್ತದೆ. ಘಟಿಕೋತ್ಸವದ ಪ್ರಮಾಣಪತ್ರಕ್ಕೆ ಬೇರೆಯೇ ಅರ್ಜಿ, ಬೇರೆಯೇ ಶುಲ್ಕ ಇರುತ್ತದೆ. "ಪಾಸಾಗಿದ್ದೇನಲ್ಲ, ಸಾಕು" ಎಂದು ಬಿಡಬೇಡಿ. ಆ ಹಾಳೆ ಕೈಗೆ ಬಂದ ದಿನ ಎಸ್ಎಸ್ಎಲ್‌ಸಿ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಹೆಸರನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿ. ತಪ್ಪಿದ್ದರೆ ತಿದ್ದುಪಡಿಗೆ ಅದೇ ವಾರ ಅರ್ಜಿ ಹಾಕಿ. ಎಲ್ಲವೂ ಸರಿಯಿದ್ದರೆ ಎರಡು ಪ್ರತಿ ಜೆರಾಕ್ಸ್ ಮಾಡಿಸಿ. ಮೂಲವನ್ನು ಸೀರೆಗಳ ಕೆಳಗೆ ಇಡಬೇಡಿ, ಕೈಗೆ ಸಿಗುವ ಕಡೆ ಇಡಿ.